ವರದಿಗಾರರ ಕೆಲಸಕ್ಕೆ ಡೆಪಾಸಿಟ್ ಕೇಳಿದರೆ ಮೊದಲು ಗೋಡೆ ಮೇಲಿನ ಸರ್ಟಿಫಿಕೇಟ್ ಓದಿ

ಮೈಸೂರು, ಮಂಡ್ಯ ಕಡೆ ಪತ್ರಿಕೋದ್ಯಮ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನನ್ನಿಂದ ಡೆಪಾಸಿಟ್ ತೆಗೆದುಕೊಂಡ ಚಾನೆಲ್ ಹೆಸರು ಹಾಕುವುದಿಲ್ಲ. ಹಾಕಿದರೆ ಲಾಯರ್ ನೋಟಿಸ್ ಅಂತ ಆಗಲೇ ಹೆದರಿಸಿದ್ದಾರೆ.

ಮಾನಸಗಂಗೋತ್ರಿಯಲ್ಲಿ ನನ್ನ ಜೊತೆ ಓದಿದವರು ಹೆಚ್ಚಿನವರು ಬೆಂಗಳೂರು ಸೇರಿದರು. ನಮ್ಮೂರು ಮದ್ದೂರು. ಆಂದೋಲನ, ಮೈಸೂರು ಮಿತ್ರ ಪತ್ರಿಕೆಗಳನ್ನು ಓದಿಕೊಂಡು ಬೆಳೆದವಳು, ಇಲ್ಲೇ ಎಲ್ಲಾದರೂ ಕೆಲಸ ಸಿಕ್ಕರೆ ಸಾಕು ಅಂತಿದ್ದೆ. ಆಗ ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಬಂತು. 'ತಾಲ್ಲೂಕು ವರದಿಗಾರರು ಬೇಕಾಗಿದ್ದಾರೆ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ವಾಹಿನಿ.' ತಿಂಗಳಿಗೆ 12,000 ಸಂಬಳ, ಪೆಟ್ರೋಲ್ ಬೇರೆ. ಐಡಿ ಕಾರ್ಡ್‌ಗೆ, ಲೋಗೋ ಇರುವ ಮೈಕ್‌ಗೆ 15,000 ಡೆಪಾಸಿಟ್, ಕೆಲಸ ಬಿಟ್ಟಾಗ ವಾಪಸ್. ಕೊಟ್ಟದ್ದು ಅಮ್ಮನ ಚೀಟಿ ದುಡ್ಡು. ರಸೀದಿ ಕೇಳಿದರೆ 'ನಂಬಿಕೆ ಇಲ್ವೇನಮ್ಮ?' ಅಂದರು ಸಂಪಾದಕರು. ಅವರ ತಲೆಯ ಮೇಲೆ ಫ್ರೇಮ್ ಹಾಕಿಸಿದ ಸರ್ಟಿಫಿಕೇಟ್, ಅದರಲ್ಲಿ ಸಿಂಹದ ಲಾಂಛನ. ಅದನ್ನು ನೋಡಿದ ಮೇಲೆ ಯಾರು ತಾನೇ ಅನುಮಾನ ಪಡುತ್ತಾರೆ?

ಕೆಲಸ ಮಾಡಿದೆ. ಕಬ್ಬು ಬೆಳೆಗಾರರ ಧರಣಿ, ನಾಲೆ ನೀರಿನ ಜಗಳ, ಗುಂಡಿ ಬಿದ್ದ ರಸ್ತೆ, ಎಲ್ಲ ನನ್ನ ಫೋನಿನಲ್ಲೇ ಶೂಟ್ ಮಾಡಿ ಕಳಿಸಿದೆ. ಸಂಬಳ ಬರಲಿಲ್ಲ. ಕೇಳಿದರೆ 'ದಸರಾ ಬಂತಲ್ಲ, 1 ಲಕ್ಷದ ಜಾಹೀರಾತು ತನ್ನಿ, 20 ಪರ್ಸೆಂಟ್ ನಿಮ್ಮದೇ. ಅದೇ ಸಂಬಳ ಅಂದುಕೊಳ್ಳಿ.' ಪತ್ರಿಕೆಗಳ ನೌಕರರಿಗೆ ಸಂಬಳ ಎಷ್ಟಿರಬೇಕು ಅಂತ ಹೇಳಿದ ಮಜೀಠಿಯಾ ವೇತನ ಮಂಡಳಿ, 2011ರ ಅಧಿಸೂಚನೆ ಅಂತ ಪರೀಕ್ಷೆಗೆ ಉರು ಹೊಡೆದವಳು ರೇಟ್ ಕಾರ್ಡ್ ಹಿಡಿದು ದೇವರಾಜ ಅರಸು ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದೆ. ಒಂದು ಬಟ್ಟೆ ಅಂಗಡಿಯವರು ನನ್ನ ಮೈಕ್ ನೋಡಿದ ಕೂಡಲೇ 'ಇವತ್ತು ನೀವು ಎಷ್ಟನೆಯವರಮ್ಮ?' ಅಂದರು. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಇನ್ನೂ ಇದೆ. ಜಂಬೂಸವಾರಿಗೆ ಮಾಧ್ಯಮ ಪಾಸ್ ಕೇಳಲು ಹೋದೆ. ಸಾಲಿನಲ್ಲಿ ನನ್ನ ಹಿಂದೆ ಬೇರೆ ಪತ್ರಿಕೆಯವರು, ಕೆಲವರು ನಮ್ಮ ಡಿಪಾರ್ಟ್‌ಮೆಂಟಿನ ಸೀನಿಯರ್‌ಗಳು. ಅಲ್ಲಿದ್ದವರು ನನ್ನ ಕಾರ್ಡ್ ತಿರುಗಿಸಿ ಹಿಂದಿನ ನಂಬರ್ ಓದಿ, 'ಇದು ಉದ್ಯಮ್ ನಂಬರ್ ಕಣಮ್ಮ. ನಮ್ಮ ಬೀದಿಯ ಹಿಟ್ಟಿನ ಗಿರಣಿಗೂ ಇದೆ' ಅಂದರು. ಹಿಂದಿದ್ದ ಯಾರೋ ನಕ್ಕರು. ಗೋಡೆಗೆ ಹಾಕಿದ್ದೂ ಅದೇ! ಸಣ್ಣ ಉದ್ದಿಮೆಗಳಿಗೆ ಕೊಡುವ ನೋಂದಣಿ ಪತ್ರ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಪತ್ರಿಕೋದ್ಯಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹೊರಗೆ ಬಂದು ಸಂಪಾದಕರಿಗೆ ಫೋನ್ ಮಾಡಿದೆ. ಉತ್ತರ ಕೇಳಿ: 'ಸರ್ಟಿಫಿಕೇಟ್ ಕೇಂದ್ರ ಸರ್ಕಾರದ್ದು ಹೌದೋ ಅಲ್ವೋ? ನಾನೆಲ್ಲಿ ಸುಳ್ಳು ಹೇಳಿದೆ?' ಡೆಪಾಸಿಟ್ ಕೇಳಿದೆ. 'ಟಾರ್ಗೆಟ್ ಮುಗಿಸಿ, ಆಮೇಲೆ ನೋಡೋಣ.' ರಾತ್ರಿ ಒಂದು ವಾಯ್ಸ್ ಮೆಸೇಜ್: 'ಎಂ.ಎ. ಮಾಡಿದವರಿಗೆ ಥಿಯರಿ ಜಾಸ್ತಿ. ನಾವು ಪ್ಲಾಟ್‌ಫಾರ್ಮ್ ಕೊಟ್ಟಿದ್ದೀವಿ, ಆ ಋಣ ನೆನಪಿರಲಿ.' ಋಣ ಅಂತೆ! ನನ್ನ ದುಡ್ಡು, ನನ್ನ ಫೋನು, ನನ್ನ ಪೆಟ್ರೋಲು, ಋಣ ಮಾತ್ರ ಅವರದ್ದು. ಆಮೇಲೆ ಬ್ಲಾಕ್.

ಕೆಲಸಕ್ಕೆ ಸೇರುವ ಮೊದಲು ನೀವೇ ಪರೀಕ್ಷಿಸಿ. ಪತ್ರಿಕೆಯಾದರೆ, ಪತ್ರಿಕೆಗಳನ್ನು ನೋಂದಾಯಿಸುವ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿಯ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ. ಮೊದಲು ಆರ್‌ಎನ್‌ಐ ಅಂತಿತ್ತಲ್ಲ, 2024ರ ಮಾರ್ಚ್‌ನಿಂದ ಹೊಸ ಕಾಯ್ದೆ ಬಂದು ಹೆಸರು ಬದಲಾಗಿದೆ. ಆ ಕಚೇರಿಯವರು ಯಾವ ವರದಿಗಾರನಿಗೂ ಐಡಿ ಕಾರ್ಡ್ ಕೊಡುವುದಿಲ್ಲ. ಟಿವಿ ಚಾನೆಲ್‌ಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. ಪತ್ರಕರ್ತರ ಮಾನ್ಯತಾ ಕಾರ್ಡ್ ಕೊಡುವುದು ನಮ್ಮ ರಾಜ್ಯದಲ್ಲಿ ವಾರ್ತಾ ಇಲಾಖೆ. ಯೂಟ್ಯೂಬ್ ಚಾನೆಲ್ ಮಾಡುವುದು ತಪ್ಪಲ್ಲ, ಚೆನ್ನಾಗಿ ಕೆಲಸ ಮಾಡುವವರೂ ಇದ್ದಾರೆ. ಆದರೆ ಸಂಬಳ ಕೊಡುವವರು ನಿಮ್ಮಿಂದಲೇ ದುಡ್ಡು ಯಾಕೆ ಕೇಳುತ್ತಾರೆ? ಕೊಡಲೇಬೇಡಿ.

ಮೊನ್ನೆ ಅದೇ ಪೋಸ್ಟರ್ ಮತ್ತೆ ಬಂತು, ನಂಬರ್ ಮಾತ್ರ ಬೇರೆ. ಈ ಸಲ ಶ್ರೀರಂಗಪಟ್ಟಣ, ಪಾಂಡವಪುರ, ನಂಜನಗೂಡಿಗೆ ಜನ ಬೇಕಂತೆ. ಡೆಪಾಸಿಟ್ 20,000 ಮಾಡಿದ್ದಾರೆ.