ಶಿರಸಿ ಹೊರವಲಯದ ವೃದ್ಧಾಶ್ರಮ: ಔಷಧಿ ಕೊಡುವ ಕ್ರಮದ ಬಗ್ಗೆ

ಸೊಂಟದ ಮೂಳೆ ಮುರಿದ ಮೇಲೆ ನಮ್ಮ ಆಯಿ ಕಳೆದ ಮಳೆಗಾಲದ ನಾಲ್ಕು ತಿಂಗಳು ಶಿರಸಿ ಹೊರವಲಯದ ವೃದ್ಧಾಶ್ರಮವೊಂದರಲ್ಲಿದ್ದಳು. ಊಟಕ್ಕೆ ತಂಬುಳಿ, ಬಿಸಿನೀರು, ಸ್ವಚ್ಛ ಹಾಸಿಗೆ, ಮರ್ಯಾದೆಯ ಮಾತು ಎಲ್ಲವೂ ಇದ್ದವು. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆಯಿಗೆ ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತದೊತ್ತಡ ಮೂರೂ ಇರುವುದರಿಂದ ನಾನು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಿದ್ದು ಅಲ್ಲಿ ಔಷಧಿ ಕೊಡುವ ರೀತಿಯನ್ನು.

ಹಗಲು ಪಾಳಿಯ ಸಿಸ್ಟರ್ ಕೆಲಸ ಮೆಚ್ಚುವಂಥದ್ದು. ಒಂದೇ ಹೆಸರಿನ ಇಬ್ಬರು ಎದುರುಬದುರು ಮಂಚದಲ್ಲಿದ್ದ ಆ ಕೋಣೆಯಲ್ಲಿ ಅವರು ಪ್ರತಿ ಸಲವೂ ಹೆಸರು, ಊರು ಕೇಳಿ, ಚೀಟಿಯೊಂದಿಗೆ ತಾಳೆ ನೋಡಿ, ಮಾತ್ರೆ ಗಂಟಲಿಳಿದದ್ದನ್ನು ಕಂಡ ಮೇಲೆಯೇ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಚಹಾಕ್ಕೂ ಮೊದಲು ಖಾಲಿ ಹೊಟ್ಟೆಯಲ್ಲಿ ಕೊಟ್ಟು, ಅದು ಮೈಗೆ ಹತ್ತದಂತೆ ತಡೆಯುವ ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿಗೆ ಇಟ್ಟವರೂ ಅವರೇ.

ರಾತ್ರಿಯ ಕಥೆ ಬೇರೆ. ಎಂಟು ಗಂಟೆಯ ಮೇಲೆ ಔಷಧಿಯ ಹೊಣೆ ತರಬೇತಿಯಿಲ್ಲದ ಆಯಾಗಳ ಮೇಲೆ ಬೀಳುತ್ತಿತ್ತು. ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂದು ಎರಡು ಬಗೆಯಲ್ಲಿ ಬರುತ್ತವೆ. ಸಿರಿಂಜೂ ಹಾಗೆಯೇ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಆಯಿಗೆ ಹೊಸದಾಗಿ ಬರೆದುಕೊಟ್ಟದ್ದು 100ರ ಬಾಟಲಿ. ಒಂದು ರಾತ್ರಿ ಆಯಾ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 12ರ ಗೆರೆಯವರೆಗೆ ಔಷಧಿ ಎಳೆದದ್ದನ್ನು ಕಂಡು ನಾನು ಕೈ ಹಿಡಿದು ತಡೆದೆ. ಆ ಸಿರಿಂಜಿನ ಗೆರೆಗಳು 40ರ ಔಷಧಿಯ ಲೆಕ್ಕದವು, ಬಾಟಲಿಯಲ್ಲಿದ್ದದ್ದು ಅದಕ್ಕಿಂತ ಎರಡೂವರೆ ಪಟ್ಟು ಗಟ್ಟಿಯಾದದ್ದು; ಹಾಗಾಗಿ ಅದರಲ್ಲಿ ಇದ್ದದ್ದು 12 ಅಲ್ಲ, 30 ಯೂನಿಟ್. ಅದು ಚುಚ್ಚಿಹೋಗಿದ್ದರೆ ಸಕ್ಕರೆ ಕುಸಿದು ಆಯಿ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದಿತ್ತು. ಆ ಹೆಂಗಸನ್ನು ನಾನು ದೂರುವುದಿಲ್ಲ, ಆಕೆಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ದೂರು ಕೊಟ್ಟ ವಾರದೊಳಗೆ ಎರಡು ಬಗೆಯ ಸಿರಿಂಜುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ರಾತ್ರಿಗೂ ಒಬ್ಬ ಸಿಸ್ಟರನ್ನು ನೇಮಿಸಿದರು. ನುಂಗಲಾರದವರ ಮಾತ್ರೆಗಳನ್ನೆಲ್ಲ ಒಂದೇ ಒರಳಿನಲ್ಲಿ ಕುಟ್ಟಿ ಬಾಳೆಹಣ್ಣಿನಲ್ಲಿ ಕಲಸಿ ಕೊಡುವ ರೂಢಿ ಮಾತ್ರ ನಾವು ಹೊರಡುವಾಗಲೂ ಹಾಗೆಯೇ ಇತ್ತು. ದಿನವಿಡೀ ನಿಧಾನವಾಗಿ ಕರಗಬೇಕಾದ ಬಿಪಿ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಸೇರುತ್ತದೆ ಎಂದು ಎರಡು ಸಲ ಹೇಳಿದ್ದೆ.

ಒಂದೆರಡು ಮಾತ್ರೆಯಲ್ಲಿ ದಿನ ಕಳೆಯುವ ಹಿರಿಯರಿಗೆ ಈ ಜಾಗವನ್ನು ಧೈರ್ಯವಾಗಿ ಹೇಳುತ್ತೇನೆ. ಇನ್ಸುಲಿನ್ ಬೇಕಾದವರನ್ನು ಸೇರಿಸುವ ಮೊದಲು ಮನೆಯವರು ರಾತ್ರಿ ಎಂಟರ ನಂತರ ಒಮ್ಮೆ ಹೋಗಿ, ಸಿರಿಂಜು ಹಿಡಿಯುವವರು ಯಾರೆಂದು ನೋಡಿ ಬರಬೇಕು.