ಅರ್ಧಕ್ಕೇ ಬಿಟ್ಟಿದ್ದ ದೆವ್ವದ ಸಿನಿಮಾ: ‘ಕಾರ್ನಿವಲ್ ಆಫ್ ಸೋಲ್ಸ್’

ಮೊದಲ ಸಲ ಇದನ್ನು ಇಪ್ಪತ್ತೇ ನಿಮಿಷಕ್ಕೆ ಆಫ್ ಮಾಡಿದ್ದೆ. ಮಸುಕು ಪ್ರಿಂಟ್, ತುಟಿಗೂ ಮಾತಿಗೂ ಹೊಂದಿಕೆ ಇಲ್ಲ, ದೆವ್ವ ಅಂದ್ರೆ ಮುಖಕ್ಕೆ ಬಿಳಿ ಬಳಿದುಕೊಂಡ ಒಬ್ಬ ಮನುಷ್ಯ. ನಮ್ಮೂರ ಜಾತ್ರೆ ನಾಟಕದಲ್ಲೇ ಇದಕ್ಕಿಂತ ಚೆನ್ನಾಗಿ ಮೇಕಪ್ ಮಾಡ್ತಾರೆ ಅನಿಸಿತ್ತು. ಮೊನ್ನೆ ಒಳ್ಳೆಯ ಪ್ರಿಂಟ್ ಸಿಕ್ಕಿತು, ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೂತೆ. ತಪ್ಪು ನನ್ನದೇ.

1962ರ ಅಮೆರಿಕದ ಕಪ್ಪು ಬಿಳುಪು ಚಿತ್ರ. ಕಾರು ಸೇತುವೆಯಿಂದ ನದಿಗೆ ಬೀಳುತ್ತದೆ, ಎಷ್ಟೋ ಹೊತ್ತಾದ ಮೇಲೆ ಮೇರಿ ಒಬ್ಬಳೇ ಕೆಸರು ಮೆತ್ತಿಕೊಂಡು ಮೇಲೆ ಬರುತ್ತಾಳೆ. ಯೂಟಾದ ಒಂದು ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸ ಹಿಡಿಯುತ್ತಾಳೆ. ಆ ಬಿಳಿ ಮುಖ ಬೆನ್ನು ಬಿಡಲ್ಲ.

ನಿರ್ದೇಶಕ ಹರ್ಕ್ ಹಾರ್ವಿ ಕಾನ್ಸಾಸ್‌ನಲ್ಲಿ ನೆಲೆಸಿದ್ದವರು. ಶಾಲೆಗೆ, ಕಂಪನಿಗಳಿಗೆ ಪಾಠದ ಚಿತ್ರ ಮಾಡಿಕೊಂಡಿದ್ದವರು. ಗ್ರೇಟ್ ಸಾಲ್ಟ್ ಲೇಕ್ ದಡದಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ಕಟ್ಟಡ ದಾರಿಯಲ್ಲಿ ಕಣ್ಣಿಗೆ ಬಿತ್ತಂತೆ, ಅದರಿಂದಲೇ ಸಿನಿಮಾ ಹುಟ್ಟಿದ್ದು. ಖರ್ಚು ಸುಮಾರು 33,000 ಡಾಲರ್, ಶೂಟಿಂಗ್ ಸುಮಾರು ಮೂರು ವಾರ. ಇನ್ನೊಂದು ವಿಷಯ, ನಾನು ನಕ್ಕಿದ್ದ ಆ ದೆವ್ವದ ಪಾತ್ರವೂ ಹಾರ್ವಿ ಅವರದೇ!

ಬಟ್ಟೆ ಅಂಗಡಿ ದೃಶ್ಯವನ್ನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಮೇರಿ ಟ್ರಯಲ್ ರೂಮಿನಲ್ಲಿ ಡ್ರೆಸ್ ಹಾಕಿಕೊಳ್ಳುತ್ತಿರುವಾಗ ಇಡೀ ದೃಶ್ಯವೇ ನೀರಿನ ಹಾಗೆ ಅಲುಗುತ್ತದೆ, ಅಷ್ಟೇ, ಊರಿನ ಸದ್ದೆಲ್ಲ ನಿಂತೇ ಹೋಗುತ್ತದೆ. ಅಂಗಡಿಯವಳು ಇವಳನ್ನು ನೋಡುವುದಿಲ್ಲ, ರಸ್ತೆಯಲ್ಲಿ ಯಾರಿಗೂ ಇವಳ ಮಾತು ಕೇಳಲ್ಲ. ಕೊನೆಗೆ ಪಾರ್ಕಿನಲ್ಲಿ ಮರ ಹಿಡಿದು ನಿಂತಾಗ ಒಂದು ಹಕ್ಕಿ ಕೂಗುತ್ತದೆ, ಸದ್ದು ವಾಪಸ್ ಬರುತ್ತದೆ. ಒಂದು ಪೈಸೆಯ ಗ್ರಾಫಿಕ್ಸ್ ಇಲ್ಲ, ಸುಮ್ನೆ ಸೌಂಡ್ ತೆಗೆದಿದ್ದಾರೆ! ದುಡ್ಡು ಇದ್ದಿದ್ದರೆ ಇಲ್ಲಿ ಏನಾದರೂ ತೋರಿಸಿ ಕೆಡಿಸುತ್ತಿದ್ದರೇನೋ.

ನನಗೆ ದೆವ್ವಕ್ಕಿಂತ ಜಾಸ್ತಿ ಮೈ ಉರಿಸಿದವನು ಅವಳ ಎದುರು ರೂಮಿನ ಬಾಡಿಗೆದಾರ. ಬೆಳಿಗ್ಗೆ ಬೆಳಿಗ್ಗೆಯೇ ಕಾಫಿಗೆ ಮದ್ಯ ಬೆರೆಸಿಕೊಂಡು ಬಾಗಿಲಿಗೆ ಬಂದು ಹಲ್ಲು ಕಿರಿಯುತ್ತಾನೆ. ಇಂಥವನ ಜೊತೆ ಇರುವುದಾ, ಒಬ್ಬಳೇ ಇದ್ದು ದೆವ್ವದ ಕೈಗೆ ಸಿಗುವುದಾ ಎಂಬ ಲೆಕ್ಕ ಮೇರಿಯಾಗಿ ನಟಿಸಿದ ಕ್ಯಾಂಡೇಸ್ ಹಿಲ್ಲಿಗೋಸ್ ಅವರ ಕಣ್ಣಲ್ಲೇ ಕಾಣುತ್ತದೆ. ಡಾಕ್ಟರ್ ಪಾತ್ರ ಮಾತ್ರ ಶುದ್ಧ ಬೋರು. ಕ್ಲೈಮ್ಯಾಕ್ಸ್ ಅನ್ನು ಈಗಿನವರು ಮೊದಲೇ ಊಹಿಸಿಬಿಡ್ತಾರೆ, ಅದನ್ನೂ ಒಪ್ಪುತ್ತೇನೆ.

ನೋಡುವುದಾದರೆ ಪ್ರಿಂಟ್ ನೋಡಿಕೊಂಡು ಆರಿಸಿ. ಅಮೆರಿಕದಲ್ಲಿ ಇದಕ್ಕೆ ಕಾಪಿರೈಟ್ ಇಲ್ಲದ ಕಾರಣ ಯಾರು ಬೇಕಾದರೂ ಹಂಚಿದ್ದಾರೆ, ಕಳಪೆ ಕಾಪಿಗಳೇ ಜಾಸ್ತಿ. ನಾನು ಮೊದಲು ನೋಡಿದ್ದೂ ಅಂಥದ್ದೇ. ಇಯರ್‌ಫೋನ್ ಮರೀಬೇಡಿ, ಆ ಆರ್ಗನ್ ಫೋನಿನ ಸ್ಪೀಕರಿನಲ್ಲಿ ಐಸ್‌ಕ್ರೀಮ್ ಗಾಡಿ ಬಂದ ಹಾಗೆ ಕೇಳುತ್ತದೆ.