ಫಾರ್ಮ್ ಜಾಕ್ ಎಲ್ಲಿ ಕಟ್ಟಬೇಕು? ನಾಲ್ಕು ವರ್ಷ ಜಾಗ ಬದಲಿಸಿದ ಮೇಲೆ

ಗಾಡಿ ಎಡಕ್ಕೆ ವಾಲಿಕೊಂಡು ಹುದುಲಿನಲ್ಲಿ ಕೂತಿತ್ತು. ಆ ಕಡೆಯ ಎರಡೂ ಚಕ್ರ ಆಕ್ಸಲ್‌ವರೆಗೆ ಹೂತಿದ್ದವು. ಫಾರ್ಮ್ ಜಾಕ್, ಅಂದರೆ ತೂತುಗಳಿರುವ ಉದ್ದ ಕಬ್ಬಿಣದ ಕಂಬಿಯ ಮೇಲೆ ತೂತಿನಿಂದ ತೂತಿಗೆ ಏರುತ್ತ ಗಾಡಿ ಎತ್ತುವ ಜಾಕ್, ಹಿಂಬಾಗಿಲ ಮೇಲೆ, ಸ್ಟೆಪ್ನಿ ಪಕ್ಕದಲ್ಲೇ ಇತ್ತು. ಇಳಿಸಿದೆ, ಕೆಳಗೆ ಹಲಗೆ ಹಾಕಿದೆ, ಬಂಪರಿಗೆ ಕೊಟ್ಟು ಹ್ಯಾಂಡಲ್ ಒತ್ತಿದೆ. ಕಟಕ್ ಅನ್ನಬೇಕಿದ್ದ ಪಿನ್ ಸುಮ್ಮನಿತ್ತು. ಮತ್ತೆ ಒತ್ತಿದೆ. ಕಂಬಿಯ ಮೇಲೆ ಓಡಾಡುವ ಭಾಗ, ರನ್ನರ್, ಅರ್ಧ ಇಂಚು ಏರಿತು, ಹ್ಯಾಂಡಲ್ ಎತ್ತಿದ ತಕ್ಷಣ ಹಿಂದಿನ ತೂತಿಗೇ ಬಂದು ಕೂತಿತು. ಮೂರು ತಿಂಗಳಿಂದ ಹಿಂದಿನ ಚಕ್ರಗಳು ಎರಚಿದ ಮಣ್ಣು ಸ್ಪ್ರಿಂಗಿನ ಸುತ್ತ ಒಣಗಿ ಇಟ್ಟಿಗೆಯಂತಾಗಿತ್ತು. ಕುಡಿಯಲು ತಂದ ನೀರನ್ನು ಅದರ ಮೇಲೆ ಸುರಿದು, ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು, ಬಡಿದು, ಪಿನ್ ಆಡುವಂತೆ ಮಾಡುವಷ್ಟರಲ್ಲಿ ಒಂದು ಗಂಟೆ ಹೋಯಿತು. ಅಷ್ಟು ಹೊತ್ತಿಗೆ ಗಾಡಿ ಇನ್ನೂ ನಾಲ್ಕು ಬೆರಳು ಇಳಿದಿತ್ತು.

ಜಾಕ್ ಬಗ್ಗೆ ನನಗೆ ದೂರಿಲ್ಲ. ಅದನ್ನು ಕಟ್ಟುವ ಜಾಗದ ಬಗ್ಗೆ ಹೇಳುವುದು ಬಹಳ ಇದೆ. ಈ ನಾಲ್ಕು ವರ್ಷದಲ್ಲಿ ಒಂದೇ ಜಾಕ್ ನನ್ನ ಗಾಡಿಯಲ್ಲಿ ನಾಲ್ಕು ಕಡೆ ಕೂತಿದೆ. ಪ್ರತಿ ಸಲವೂ ಬ್ರಾಕೆಟ್ಟಿಗೆ ಬೇರೆ ಹಣ ಕೊಟ್ಟೆ. ಎಲ್ಲ ಕೂಡಿಸಿದರೆ ಜಾಕಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಗುತ್ತದೆ. ನೀವು ಆ ಹಣ ಉಳಿಸಿಕೊಳ್ಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 48 ಇಂಚಿನ ಜಾಕ್, ತೂಕ ಸುಮಾರು 13 ಕಿಲೋ. ಗಾಡಿ ಚಿಕ್ಕದು, ಎರಡು ಬಾಗಿಲಿನದು, ಮೇಲೆ ಟಾರ್ಪಲ್. ಮುಂದೆ ಹಿಂದೆ ಕಬ್ಬಿಣದ ಬಂಪರ್, ಪಕ್ಕದಲ್ಲಿ ಬಾಗಿಲುಗಳ ಕೆಳಗೆ ಉದ್ದಕ್ಕೆ ಸ್ಲೈಡರ್ ಎಂಬ ಗಟ್ಟಿ ಕಬ್ಬಿಣದ ಪಟ್ಟಿಗಳು ಇವೆ. ಈ ಕೊನೆಯ ಮಾತು ಮುಖ್ಯ. ನಿಮ್ಮದು ಪ್ಲಾಸ್ಟಿಕ್ ಬಂಪರಿನ ಗಾಡಿ, ಸ್ಲೈಡರೂ ಇಲ್ಲ ಎಂದಾದರೆ ಈ ಜಾಕಿನ ನಾಲಿಗೆ, ಅಂದರೆ ಗಾಡಿಯನ್ನು ಹಿಡಿದೆತ್ತುವ ಚಾಚು, ಕೊಡಲು ಜಾಗವೇ ಇರುವುದಿಲ್ಲ. ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಗಿಂತ ಮೊದಲು ಆ ಪ್ರಶ್ನೆ ಬರುತ್ತದೆ. ಅಂಥವರಿಗೆ ಗಾಡಿಯ ಕೆಳಗೆ ಇಟ್ಟು ಎತ್ತುವ ಗಿಡ್ಡ ಬಾಟಲ್ ಜಾಕ್ ಮತ್ತು ಒಂದು ಗಟ್ಟಿ ಹಲಗೆ ಸಾಕು.

ಮೊದಲ ವರ್ಷ ಬಾನೆಟ್ ಮೇಲೆ ಕಟ್ಟಿದ್ದೆ. ಚಂದಕ್ಕೆ ಕಟ್ಟಿದೆ ಎಂದೇ ಹೇಳಬೇಕು. ಬೆಳಿಗ್ಗೆ ಗಾಡಿಯ ಹತ್ತಿರ ಬಂದು ಎರಡೂ ತಿರುಪುಗಳನ್ನು ಕೈಯಲ್ಲಿ ಒಂದೊಂದು ಸುತ್ತು ಬಿಗಿದು ಹೊರಡುವುದರಲ್ಲಿ ಒಂದು ಸುಖವಿತ್ತು. ಕೆಸರಿನ ವಿಷಯದಲ್ಲಿ ಅದು ಕೆಟ್ಟ ಜಾಗವೂ ಅಲ್ಲ, ಚಕ್ರ ಎರಚಿದ್ದು ಅಲ್ಲಿಗೆ ಹೆಚ್ಚು ಬರುವುದಿಲ್ಲ. ತೊಂದರೆ ಬೇರೆ ಕಡೆಯಿಂದ ಬಂತು. ಉಬ್ಬು ತಗ್ಗಿನ ದಾರಿಯಲ್ಲಿ 13 ಕಿಲೋ ಕಬ್ಬಿಣ ತೆಳು ತಗಡಿನ ಮೇಲೆ ಕುಣಿಯುತ್ತದೆ. ಬಾನೆಟ್ಟಿನ ಹಿಂಜುಗಳ ಬಳಿ ಬಣ್ಣ ಬಿರುಕು ಬಿಟ್ಟಿತು. ಎಂಜಿನ್ ಎಣ್ಣೆ ನೋಡಬೇಕೆಂದರೆ ಬಾನೆಟ್ ಎತ್ತಿ ಹಿಡಿಯಲು ಇನ್ನೊಂದು ಕೈ ಬೇಕಾಯಿತು. ದಿಬ್ಬದ ನೆತ್ತಿ ದಾಟುವಾಗ ಮುಂದಿನ ಮೂಲೆಯ ಕಲ್ಲು ಕಾಣಬೇಕಾದ ಕಡೆಯಲ್ಲೇ ಜಾಕ್ ಅಡ್ಡ ಬರುತ್ತಿತ್ತು. ಸಂಜೆಯ ಬಿಸಿಲು ಎದುರಿಗಿದ್ದರೆ ಕಂಬಿಯಿಂದ ಕಣ್ಣಿಗೆ ಹೊಡೆಯುತ್ತಿತ್ತು. ನಡೆದು ಹೋಗುವವರಿಗೆ ಗಾಡಿ ತಾಗಿದರೆ ಅವರು ಬೀಳುವುದೂ ಆ ಕಬ್ಬಿಣದ ಮೇಲೆಯೇ. ಇದು ಮನಸ್ಸಿಗೆ ಬಂದ ದಿನವೇ ಬಿಚ್ಚಿದೆ.

ಅಲ್ಲಿಂದ ರೂಫ್ ರ್ಯಾಕಿಗೆ. ಆರು ತಿಂಗಳು. ಕಂಬಿಯ ತೂತುಗಳಿಗೆ ಗಾಳಿ ಹೊಕ್ಕು ಊರಿಡೀ ಕೇಳುವ ಹಾಗೆ ಸಿಳ್ಳೆ. ಅದಕ್ಕೆ ಒಗ್ಗಿಕೊಳ್ಳಬಹುದು. ಒಗ್ಗಿಕೊಳ್ಳಲಾಗದ್ದು ತೂಕ. ವಾಲಿದ ಗಾಡಿಗೆ ನೆತ್ತಿಯ ಮೇಲಿನ ಪ್ರತಿ ಕಿಲೋವೂ ಶತ್ರು. ಅದೂ ಸಾಲದೆಂಬಂತೆ, ಗಾಡಿ ಸಿಕ್ಕಿಕೊಂಡಾಗಲೇ ಜಾಕ್ ಬೇಕಾಗುವುದು. ಆಗ ಕೆಸರು ಮೆತ್ತಿದ ಟಯರಿನ ಮೇಲೆ ಕಾಲಿಟ್ಟು, ಎರಡೂ ಕೈ ತಲೆಯ ಮೇಲಕ್ಕೆ ಚಾಚಿ, ಆ ಭಾರವನ್ನು ಎದೆಯ ಮೇಲೆ ಇಳಿಸಿಕೊಳ್ಳಬೇಕು. ಒಂದು ಸಲ ಕಾಲು ಜಾರಿತು. ಜಾಕ್ ಬಿದ್ದದ್ದು ಕಿಟಕಿಯಿಂದ ಒಂದು ಗೇಣು ಆಚೆ.

ಮೂರನೆಯದು ಹಿಂಬಾಗಿಲು. ಎರಡು ವರ್ಷ ಅಲ್ಲೇ ಇತ್ತು, ನನ್ನ ಕೋಪವೆಲ್ಲ ಆ ಎರಡು ವರ್ಷದ ಮೇಲೆ. ಕೈಗೆ ಸಲೀಸಾಗಿ ಸಿಗುತ್ತದೆ, ಎದೆ ಮಟ್ಟದಲ್ಲಿದೆ, ನೋಟಕ್ಕೆ ಅಡ್ಡವಿಲ್ಲ. ಮೇಲ್ನೋಟಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಪೆಟ್ಟಿಗೆಯಾಕಾರದ ಗಾಡಿ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಚಕ್ರ ಎಬ್ಬಿಸಿದ ದೂಳು ಸುಳಿಯಾಗಿ ತಿರುಗಿ ಹಿಂಬಾಗಿಲಿಗೇ ಬಂದು ಅಂಟುತ್ತದೆ. ಮುಂದಿನ ಗಾಜು ಒರೆಸದೆ ದಿನವಿಡೀ ಓಡಿಸಬಹುದು, ಹಿಂದಿನ ಗಾಜು ಒಂದು ಗಂಟೆಯಲ್ಲಿ ಮುಚ್ಚಿಹೋಗುತ್ತದೆ. ಆ ಗಾಜಿಗೆ ಬೀಳುವಷ್ಟೂ ದೂಳು ಜಾಕಿನ ಪಿನ್ನಿಗೂ ಬೀಳುತ್ತಿತ್ತು. ಎಣ್ಣೆ ಹಾಕಿದ್ದರೆ ಇನ್ನೂ ಚೆನ್ನಾಗಿ ಹಿಡಿಯುತ್ತಿತ್ತು. ಮಳೆ ಬಂದರೆ ಅದು ಗಾರೆ.

ಕವರ್ ಹಾಕಿದೆ. ಪಿನ್ನುಗಳಿರುವ ಭಾಗಕ್ಕೆ ಮಾತ್ರ ಸುತ್ತುವ ರಬ್ಬರಿನಂಥ ಬಟ್ಟೆಯದು. ದೂಳು ಕಡಿಮೆಯಾಯಿತು ನಿಜ. ಆದರೆ ಒಳಹೊಕ್ಕ ನೀರು ಹೊರಬರಲಿಲ್ಲ. ಗಾಡಿ ತೊಳೆದು ಎರಡು ವಾರದ ಮೇಲೆ ಬಿಚ್ಚಿ ನೋಡಿದರೆ ಸ್ಪ್ರಿಂಗಿನ ಮೇಲೆ ಕೆಂಪು ತುಕ್ಕು. ತೊಳೆದಾಗಲೆಲ್ಲ ಕವರ್ ಬಿಚ್ಚಿ ಒಣಗಿಸುವವರಿಗೆ ಅದು ಸರಿ. ನಾನು ಮರೆಯುತ್ತೇನೆ.

ಇನ್ನೊಂದು ಉಪಾಯವನ್ನೂ ಮಾಡಿದೆ. ಕಂಬಿಯನ್ನು ಹೊರಗೆ ಬಿಟ್ಟು, ಮೇಲಿನ ಕ್ಲಾಂಪ್ ತೆಗೆದು, ರನ್ನರನ್ನು ಪಿನ್ನುಗಳ ಸಮೇತ ಕಳಚಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟೆ. ಕಾಗದದ ಮೇಲೆ ಇದಕ್ಕಿಂತ ಜಾಣ ದಾರಿಯಿಲ್ಲ. ಒಂದೇ ಪ್ರಯಾಣದಲ್ಲಿ ಕೈಬಿಟ್ಟೆ. ಮಳೆಯಲ್ಲಿ, ಮರಗಟ್ಟಿದ ಬೆರಳಲ್ಲಿ ಜೋಡಿಸುವಾಗ ಕ್ಲಾಂಪಿನ ನಟ್ಟು ಕೆಸರಿಗೆ ಬಿತ್ತು. ಹತ್ತು ನಿಮಿಷ ಕೈಯಾಡಿಸಿ ಹುಡುಕಿದೆ.

ಬಾಗಿಲಿನ ಹಿಂಜುಗಳ ಪಾಡು ಬೇರೆಯೇ. ಸ್ಟೆಪ್ನಿಯ ಭಾರಕ್ಕೆ ಮಾಡಿದ ಹಿಂಜುಗಳ ಮೇಲೆ ಇನ್ನೂ 13 ಕಿಲೋ ಬಿದ್ದು, ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದರೆ ಮಾತ್ರ ಚಿಲಕ ಕೂರುವ ಸ್ಥಿತಿಗೆ ಬಂದಿತ್ತು. ಬ್ರಾಕೆಟ್ ಮಾರಿದವರು ಹಿಂಜಿನ ಬಗ್ಗೆ ಒಂದು ಮಾತು ಹೇಳಿದ್ದರೆ ನಾನು ಅಂದೇ ಬೇರೆ ಯೋಚನೆ ಮಾಡುತ್ತಿದ್ದೆ. ಹಿಂಬಾಗಿಲಲ್ಲೇ ಕಟ್ಟುವುದಾದರೆ ಬಾಗಿಲಿಗೆ ಬೇಡ, ಬಂಪರಿನಿಂದಲೇ ಎದ್ದ, ತನ್ನದೇ ಹಿಂಜು ಇರುವ ಟಯರ್ ಸ್ಟ್ಯಾಂಡಿಗೆ ಕಟ್ಟಿ.

ಹುದುಲಿನ ಆ ಗಂಟೆ ಕಳೆದು ಮನೆಗೆ ಬಂದ ಮೇಲೆ ಜಾಕನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿದೆ. ಆಗ ನನ್ನ ಸಿಟ್ಟು ಇಳಿಯಿತು. ಎಷ್ಟು ಸರಳವಾದ ವಸ್ತು! ಎರಡು ಪಿನ್, ಎರಡು ಸ್ಪ್ರಿಂಗ್, ದಿಕ್ಕು ಬದಲಿಸುವ ಒಂದು ಲಾಚ್. ಒಂದು ಪಿನ್ ಭಾರ ಹಿಡಿದಿರುತ್ತದೆ, ಇನ್ನೊಂದು ಮೇಲಿನ ತೂತಿಗೆ ಏರುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಹೈ-ಲಿಫ್ಟ್ ಕಂಪನಿ 1905ರಿಂದ ಮಾಡುತ್ತ ಬಂದಿರುವುದು ಇದೇ ಬಗೆಯ ಜಾಕ್. ಹೊಲದಲ್ಲಿ ಬೇಲಿ ಗೂಟ ಕೀಳುವುದಕ್ಕೂ ಇದನ್ನೇ ಬಳಸುತ್ತಾರೆ. ಎಲ್ಲವೂ ತೆರೆದೇ ಇರುವುದರಿಂದ ಮಣ್ಣು ಸುಲಭವಾಗಿ ಹೊಗುತ್ತದೆ, ತೆರೆದೇ ಇರುವುದರಿಂದ ಒಂದು ಬ್ರಷ್ಷಿನಲ್ಲಿ ಹೊರಗೂ ಬರುತ್ತದೆ. ಇದು ಬೇಡುವುದು ಒಣಗಿದ, ಮುಚ್ಚಿದ ಜಾಗ ಒಂದನ್ನೇ. ನಾನು ಎರಡು ವರ್ಷ ಅದನ್ನು ಗಾಡಿಯ ಅತ್ಯಂತ ಕೊಳಕಾದ ಮೂಲೆಯಲ್ಲಿ ನೇತುಹಾಕಿದ್ದೆ.

ಈಗ ಅದು ಒಳಗಿದೆ. ಮುಂದಿನ ಸೀಟುಗಳ ಬೆನ್ನಿಗೆ ತಾಗಿದಂತೆ, ನೆಲದ ಮೇಲೆ, ಈ ಬಾಗಿಲಿಂದ ಆ ಬಾಗಿಲಿಗೆ ಅಡ್ಡವಾಗಿ. ನಾವು ಹೋಗುವುದು ಹೆಚ್ಚಾಗಿ ಇಬ್ಬರೇ, ಹಿಂದಿನ ಸೀಟು ಬಿಚ್ಚಿಟ್ಟು ಬಹಳ ದಿನವಾಯಿತು. ಚಕ್ರದ ಕಮಾನು ಶುರುವಾಗುವ ಮುಂಚಿನ ಆ ಪಟ್ಟಿಯಲ್ಲಿ ನೆಲ ಪೂರ್ತಿ ಅಗಲವಿದೆ, 48 ಇಂಚು ಸರಿಯಾಗಿ ಕೂರುತ್ತದೆ. ಕೊಳ್ಳುವ ಮುಂಚೆ ಟೇಪ್ ಹಿಡಿದು ನೋಡಿ. ಕೂರದಿದ್ದರೆ 42 ಅಥವಾ 36 ಇಂಚಿನದೂ ಸಿಗುತ್ತದೆ.

ಒಳಗೆ ಇಡುವುದಾದರೆ ಒಂದು ವಿಷಯದಲ್ಲಿ ಜಿಪುಣತನ ಬೇಡ. ಗಾಡಿ ಡಿಕ್ಕಿ ಹೊಡೆದಾಗ ಗುರುತ್ವದ 20 ಪಟ್ಟು ಎಳೆತ ಬಂದರೆ 13 ಕಿಲೋದ ಜಾಕ್ 260 ಕಿಲೋದ ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಗಾಡಿ ಮಗುಚಿದರೆ ತಲೆಗಳ ನಡುವೆ ಹಾರಾಡುತ್ತದೆ. ರಬ್ಬರ್ ಹಗ್ಗ, ಕೊಕ್ಕೆಯ ಪಟ್ಟಿ ಯಾವುದೂ ಅದನ್ನು ಹಿಡಿಯದು. ನಾನು 6 ಮಿಲಿಮೀಟರ್ ದಪ್ಪದ ಎರಡು ಬ್ರಾಕೆಟ್ ಮಾಡಿಸಿ, 8.8 ದರ್ಜೆಯ, ಅಂದರೆ ಹೆಚ್ಚು ಗಟ್ಟಿಯಾದ, 10 ಮಿಲಿಮೀಟರ್ ಬೋಲ್ಟಿನಲ್ಲಿ ನೆಲಕ್ಕೆ ಬಿಗಿದಿದ್ದೇನೆ. ನೆಲದ ತಗಡು ತೆಳು, ಬರೀ ವಾಷರ್ ಹಾಕಿದರೆ ಬೋಲ್ಟು ತಗಡನ್ನು ಹರಿದುಕೊಂಡು ಬರುತ್ತದೆ. ಅದಕ್ಕೇ ಕೆಳಗಡೆ ಅಂಗೈಯಗಲದ ಕಬ್ಬಿಣದ ತಟ್ಟೆ ಕೊಟ್ಟಿದ್ದೇನೆ. ತೂತು ಕೊರೆಯುವ ಮೊದಲು ಗಾಡಿಯ ಕೆಳಗೆ ಮಲಗಿ ಇಂಧನದ ಪೈಪು, ಬ್ರೇಕ್ ಪೈಪು, ವೈರುಗಳು ಎಲ್ಲಿ ಹಾದಿವೆ ನೋಡಿಕೊಳ್ಳಿ. ಕೊರೆದ ಅಂಚಿಗೆ ಬಣ್ಣ ಹಚ್ಚಿ, ನೀರು ಇಳಿಯದಂತೆ ಸೀಲ್ ಮಾಡಿ. ಜಾಕನ್ನು ಬ್ರಾಕೆಟ್ಟಿಗೆ ಬಿಗಿಯುವ ತಿರುಪುಗಳು ಕೈಯಲ್ಲೇ ಬಿಚ್ಚುವಂಥವು. ಪಾನಾ ಹುಡುಕುವ ಕೆಲಸ ಕತ್ತಲಲ್ಲಿ ಬೇಡ.

ಈ ಜಾಗ ಕೊಟ್ಟ ಸಂತೋಷ ನಾನು ಲೆಕ್ಕ ಹಾಕಿರದೇ ಇದ್ದದ್ದು. ಗಾಡಿ ಯಾವ ಕಡೆ ವಾಲಿದರೂ ಇನ್ನೊಂದು ಕಡೆಯ ಬಾಗಿಲು ತೆರೆಯುತ್ತದೆ, ಜಾಕ್ ಆ ಬಾಗಿಲಿಂದ ಕೈಗೆ ಬರುತ್ತದೆ. ಸ್ಲೈಡರಿನ ಮೇಲೆ ಉದ್ದಕ್ಕೆ ಕಟ್ಟಿಕೊಂಡಿದ್ದ ಸ್ನೇಹಿತರೊಬ್ಬರ ಗಾಡಿ ಜಾಕ್ ಇದ್ದ ಮಗ್ಗುಲಿಗೇ ವಾಲಿ ದಂಡೆಗೆ ಒರಗಿತ್ತು. ಜಾಕ್ ಕಣ್ಣಿಗೆ ಕಾಣುತ್ತಿತ್ತು, ಕೈ ಹೋಗಲು ಸಂದಿಯಿರಲಿಲ್ಲ. ಕೊನೆಗೆ ನನ್ನದನ್ನು ಕೊಟ್ಟೆ.

ಪ್ರತಿ ಪ್ರಯಾಣದ ಹಿಂದಿನ ಸಂಜೆ ಒಂದು ಕಾಲು ಗಂಟೆ ಜಾಕಿಗೆ ಮೀಸಲು. ಹೊರತೆಗೆದು ಗೋಡೆಗೆ ಒರಗಿಸಿ, ಒಣ ಬ್ರಷ್ಷಿನಿಂದ ಪಿನ್ನುಗಳ ಸುತ್ತ ಉಜ್ಜಿ, ತೆಳು ಎಣ್ಣೆ ಎರಡು ಹನಿ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸುತ್ತೇನೆ. ಗ್ರೀಸ್ ಬೇಡ, ಅದು ಮಣ್ಣಿಗೆ ಅಂಟು. ಆಮೇಲೆ ಬಂಪರಿಗೆ ಕೊಟ್ಟು ಚಕ್ರ ಸ್ವಲ್ಪ ಹಗುರಾಗುವವರೆಗೆ ಏರಿಸಿ ಇಳಿಸುತ್ತೇನೆ. ಭಾರ ಕೊಟ್ಟೇ ನೋಡಬೇಕು. ಸುಮಾರು 68 ಕಿಲೋಗಿಂತ ಕಡಿಮೆ ಭಾರವಿದ್ದರೆ ಇದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, ಒಮ್ಮೆಲೇ ಜಾರುತ್ತದೆ. ಲಾಚ್ ತಿರುಗಿಸುವ ಮೊದಲು ಹ್ಯಾಂಡಲ್ ಕಂಬಿಗೆ ಒತ್ತಿ ನೆಟ್ಟಗಿರಬೇಕು, ಮುಖ ಅದರ ದಾರಿಯಲ್ಲಿ ಇರಲೇಬಾರದು. ಭಾರವಿರುವಾಗ ಬಿಟ್ಟ ಹ್ಯಾಂಡಲ್ ದವಡೆ ಮುರಿಯುತ್ತದೆ. ಇಷ್ಟೆಲ್ಲ ಮಾಡಿ ಕಟಕ್, ಕಟಕ್ ಎಂಬ ಎರಡು ಸದ್ದು ಬೇರೆಬೇರೆಯಾಗಿ ಕೇಳಿದರೆ ರಾತ್ರಿ ನೆಮ್ಮದಿಯ ನಿದ್ದೆ. ಹ್ಯಾಂಡಲನ್ನು ಕಂಬಿಗೆ ಹಿಡಿದಿಡುವ ರಬ್ಬರಿನ ತುಂಡೊಂದು ಬರುತ್ತದೆ, ಅದನ್ನು ಖಂಡಿತ ಹಾಕಿಕೊಳ್ಳಿ. ಅದಿಲ್ಲದೆ ಒಳಗಿಟ್ಟರೆ ದಾರಿಯುದ್ದಕ್ಕೂ ಗಡಗಡ ಸದ್ದು ಬೆನ್ನ ಹಿಂದೆಯೇ.

ಐದು ಜನ ಹೋಗುವವರಿಗೆ ನನ್ನ ಜಾಗ ಹೊಂದುವುದಿಲ್ಲ. ಅವರಿಗೆ ಬಂಪರಿನಿಂದ ಎದ್ದ ಸ್ಟ್ಯಾಂಡ್, ಕವರ್, ಮತ್ತು ಆ ಕವರ್ ಬಿಚ್ಚಿ ಒಣಗಿಸುವ ಅಭ್ಯಾಸ ಬೇಕು. ಪಿಕಪ್ ಇದ್ದರೆ ಕ್ಯಾಬಿನ ಹಿಂಗೋಡೆಗೆ ತಾಗಿ, ತೊಟ್ಟಿಯ ಒಳಗೆ ಅಡ್ಡ ಕಟ್ಟಿ. ಅಲ್ಲಿ ಚಕ್ರದ ಕೆಸರೂ ಬಾರದು, ತೂಕವೂ ಕೆಳಗಿರುತ್ತದೆ.

ನನ್ನ ಜಾಗಕ್ಕೂ ಕುಂದಿದೆ. ಸೀಟು ಹಿಂದಕ್ಕೆ ಒರಗುವುದು ಎರಡು ಹಂತ ಕಡಿಮೆಯಾಯಿತು, ಉದ್ದ ಕಾಲಿನವರು ಗೊಣಗುತ್ತಾರೆ. ಕೆಲಸ ಮುಗಿಸಿದ ಜಾಕ್ ಮೊಣಕಾಲುದ್ದ ಕೆಸರು ಹೊತ್ತು ಒಳಗೇ ಬರಬೇಕು. ಕಳೆದ ಸಲ ತೊರೆಯ ದಂಡೆಯಲ್ಲಿ ಬಲ ಚಕ್ರ ಇಳಿದಾಗ ಎಡ ಬಾಗಿಲಿಂದ ಎಳೆದೆ, ಮೊದಲ ಒತ್ತಿಗೇ ಪಿನ್ ಹಿಡಿಯಿತು, ಎಲ್ಲ ಸೇರಿ ಇಪ್ಪತ್ತು ನಿಮಿಷದಲ್ಲಿ ಆಚೆ ಬಂದೆವು. ವಾಪಸಿಡುವಾಗ ಮಾತ್ರ ಕೆಸರು ಸೀಟಿನ ಬೆನ್ನಿಗೆಲ್ಲ ಬಳಿದುಕೊಂಡಿತು. ದಪ್ಪ ಕ್ಯಾನ್ವಾಸಿನಲ್ಲಿ ಉದ್ದನೆಯ ಚೀಲ ಹೊಲಿಸಲು ಕೊಟ್ಟಿದ್ದೇನೆ. ಜಾಕಿನ ತಳದ ತಟ್ಟೆ ಬರುವ ತುದಿಗೆ ಎರಡು ಪದರ, ನೀರು ಸೋರಿಹೋಗಲು ತಳದಲ್ಲಿ ನಾಲ್ಕು ತೂತು.